ಬೀಗಕ್ಕೆ ಕೊಟ್ಟ ಡಾಕ್ಟರೇಟ್

ಪಲ್ಲವಿ, ಸಂಗಮೇಶ,

ಮೊನ್ನೆ ಪಲ್ಲವಿ ಅಡುಗೆಮನೆಯಲ್ಲಿ ಮೈದಾ ಹಿಟ್ಟಿನ ಅಂಟು ಕಾಸುತ್ತಿದ್ದಳು. ಕಾಲೇಜಿನ ಭಿತ್ತಿಪತ್ರಿಕೆ ಅಂಟಿಸಲು ಬೇಕು, ಅಂಗಡಿಯ ಗಮ್ ಗೋಡೆಗೆ ನಿಲ್ಲುವುದಿಲ್ಲ ಎಂದಳು. ಪಾತ್ರೆಯ ತಳ ಸ್ವಲ್ಪ ಸೀದಿತ್ತು. ಹಸಿ ಹಿಟ್ಟಿನ ವಾಸನೆ, ಸೀದ ವಾಸನೆ ಎರಡೂ ಸೇರಿ ನಾನು ಕುಳಿತಲ್ಲಿಗೆ ಬಂತು. ನಾನು ತೊಗರಿ ಬೇಳೆ ಹಸನು ಮಾಡುತ್ತಿದ್ದೆ. ಕೈ ನಿಂತಿತು.

"ಯಾಕ ಆಯಿ, ಸುಮ್ನ ಕುಂತಿ?" ಎಂದು ಪಲ್ಲವಿ ಕೇಳಿದಳು.

"ಏನಿಲ್ಲ. ತಿರುವು ತಿರುವು, ಗಂಟಾಗ್ತದ" ಎಂದೆ. ಅಷ್ಟೇ ಹೇಳಿದೆ. ಬಾಯಿಬಿಟ್ಟು ಹೇಳುವುದು ನನಗೆ ಯಾವ ಕಾಲಕ್ಕೂ ಬಂದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ. ನಿಮ್ಮ ಮುತ್ಯಾ, ನನ್ನ ಯಜಮಾನರು, ಇದ್ದಾಗ ಇದನ್ನು ಬರೆಯುವ ಹಾಗಿರಲಿಲ್ಲ. ಈಗ ಅವರಿಲ್ಲ.

ನೀವಿಬ್ಬರೂ ಹುಟ್ಟುವುದಕ್ಕಿಂತ ಮೊದಲಿನ ಮಾತು. ನಾವು ವಾಡಿಯಲ್ಲಿದ್ದೆವು. ನಿಮ್ಮ ಅಪ್ಪ ಆಗಷ್ಟೇ ಕಲಬುರಗಿಯಲ್ಲಿ ಕೆಲಸಕ್ಕೆ ಸೇರಿದ್ದ. ಮುತ್ಯಾ ಒಂದು ಡಿಗ್ರಿ ಕಾಲೇಜಿನಲ್ಲಿ ಜವಾನರಾಗಿದ್ದರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಯಾವ ಊರು, ಯಾವ ಕಾಲೇಜು ಎಂದು ನಾನು ಬರೆಯುವುದಿಲ್ಲ. ಅದು ಸರಕಾರದ್ದಲ್ಲ, ಒಂದು ಸಂಸ್ಥೆಯದು. ಸಂಸ್ಥೆಯ ಅಧ್ಯಕ್ಷರು ಬೇಡ ಎಂದರೆ ಮರುದಿನವೇ ಕೆಲಸ ಇರುತ್ತಿರಲಿಲ್ಲ. ಮುತ್ಯಾ ಅದನ್ನು ಒಂದು ದಿನವೂ ಮರೆತವರಲ್ಲ.

ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅದೇ ಕಾಲೇಜಿನ ಮಾಸ್ತರರೊಬ್ಬರು ಬಾಡಿಗೆಗೆ ಇದ್ದರು. ಚಿಂಚೋಳಿಯ ಆಚೆ, ಕುಂಚಾವರಂ ಕಡೆಯವರು. ಅವರ ಕನ್ನಡದಲ್ಲಿ ತೆಲುಗಿನ ರಾಗವಿತ್ತು. ಮದುವೆಯಾಗಿರಲಿಲ್ಲ. ರಾಜ್ಯಶಾಸ್ತ್ರ ಕಲಿಸುತ್ತಿದ್ದರು. ಖಾಯಂ ಅಲ್ಲ, ಅತಿಥಿ ಉಪನ್ಯಾಸಕರು. ಪ್ರತಿ ವರ್ಷ ಕಾಲೇಜು ಶುರುವಾಗುವಾಗ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ. "ಹೆಸರಿಗಿ ಅತಿಥಿ ರೀ ಅಕ್ಕಾರ, ಕುಂದ್ರಲಿಕ್ಕಿ ಕುರ್ಚಿ ಇಲ್ಲ" ಎನ್ನುತ್ತಿದ್ದರು. ಪಿಎಚ್‌ಡಿ ಮಾಡುತ್ತಿದ್ದರು. ಅದರ ಕಾಗದಗಳು ಒಂದು ಟ್ರಂಕಿನ ತುಂಬ ಇದ್ದವು. ಅದು ಮುಗಿದರೆ ಖಾಯಂ ಆಗಬಹುದು ಎಂದು ಆಸೆ ಇಟ್ಟುಕೊಂಡಿದ್ದರು.

ಅವರ ಅಕ್ಷರ ಮಾತ್ರ ದೇವರಿಗೇ ಪ್ರೀತಿ. ಬರೆದ ಮೇಲೆ ಅವರಿಗೇ ಓದಲು ಬರುತ್ತಿರಲಿಲ್ಲ. ಒಮ್ಮೆ ಮುತ್ಯಾ ಅವರ ಮುಂದೆ, ನಮ್ಮಾಕಿ ಅಕ್ಷರ ಅಚ್ಚು ಹಾಕಿದಂಗ ಇರ್ತಾವ್ರಿ ಅಂದುಬಿಟ್ಟರು. ನಾನು ಸನ್ನತಿಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ನಮ್ಮೂರಲ್ಲಿ ಹೊಲ ಅಗೆದರೆ ಅಕ್ಷರ ಕೊರೆದ ಹಳೆಯ ಕಲ್ಲು ಸಿಗುತ್ತಿದ್ದವು. ಓದಲು ಬರದಿದ್ದರೂ ನಾವು ಮಕ್ಕಳು ಅವುಗಳ ಮೇಲೆ ಬೆರಳಾಡಿಸುತ್ತಿದ್ದೆವು. ಅಕ್ಷರ ದುಂಡಗಾದದ್ದು ಹೇಗೋ, ನನಗೆ ಗೊತ್ತಿಲ್ಲ. ನಾನು ದುಂಡಗೆ ಬರೆಯುವುದು ಬಿಟ್ಟು ಬೇರೇನೂ ಕಲಿಯಲಿಲ್ಲ.

ಮಾಸ್ತರರು ಕಾಲೇಜಿನ ಹುಡುಗರನ್ನು ಸೇರಿಸಿಕೊಂಡು ಒಂದು ಭಿತ್ತಿಪತ್ರಿಕೆ ನಡೆಸುತ್ತಿದ್ದರು. ತಿಂಗಳಿಗೊಂದು. ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಕೈಯಿಂದ ಬರೆದು ಮೆಟ್ಟಿಲಿನ ಹತ್ತಿರದ ಗೋಡೆಗೆ ಅಂಟಿಸುವುದು. ಹುಡುಗರ ಕವಿತೆ, ಸುದ್ದಿ ಇರುತ್ತಿದ್ದವು. ಕೊನೆಯ ಅಂಕಣ ಮಾಸ್ತರರದು, ನಗೆಬರಹ. ಅದನ್ನು ಓದಲು ಹುಡುಗರು ನೂಕಾಡುತ್ತಿದ್ದರು ಎಂದು ಮುತ್ಯಾ ಹೇಳುತ್ತಿದ್ದರು. ಆ ಹಾಳೆಗಳನ್ನು ಬರೆಯುವ ಕೆಲಸ ನನಗೆ ಬಂತು. ಅಂಟು ಕಾಸುವುದೂ ನಾನೇ. ಗೆದ್ದಲು ಹತ್ತದಿರಲಿ ಎಂದು ಚಿಟಿಕೆ ಮೈಲುತುತ್ತು ಹಾಕುತ್ತಿದ್ದೆ.

ಪರ ಗಂಡಸರ ಮುಂದೆ ನಾನು ಬರುತ್ತಿರಲಿಲ್ಲ. ಮಾಸ್ತರರು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತು ಓದಿ ಹೇಳುತ್ತಿದ್ದರು. ನಾನು ಒಳಬಾಗಿಲ ಈಚೆ, ನೆಲದ ಕಲ್ಲಿನ ಮೇಲೆ ಕಚ್ಚಾ ಹಾಳೆ ಹಾಸಿಕೊಂಡು ಬರೆದುಕೊಳ್ಳುತ್ತಿದ್ದೆ. ನಗೆ ಬರುವ ಸಾಲು ಓದಿದ ಮೇಲೆ ಅವರು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕರೂ ಅವರಿಗೆ ಕೇಳಿಸುತ್ತಿತ್ತು. ಕೇಳಿಸದಿದ್ದರೆ, "ಒಳಗಿಂದ ಸಪ್ಪಳ ಬರ್ಲಿಲ್ಲ. ಆ ಸಾಲು ಹೊಡೀರಿ ಅಕ್ಕಾರ" ಎನ್ನುತ್ತಿದ್ದರು. ನಾನು ಗೆರೆ ಎಳೆದು ಹೊಡೆಯುತ್ತಿದ್ದೆ. ಎರಡು ವರ್ಷ ಹೀಗೆ ನಡೆಯಿತು. ಅವರ ಮುಖ ನಾನು ಸರಿಯಾಗಿ ನೋಡಿದ್ದು ಕಡಿಮೆ. ಈಗ ನೆನೆಸಿಕೊಂಡರೆ ಧ್ವನಿಯೇ ಬರುತ್ತದೆ, ಮುಖ ಬರುವುದಿಲ್ಲ...

ಆ ಕೆಲಸದಲ್ಲಿ ಒಂದು ರೂಢಿ ಇತ್ತು. ಹಾಳೆಯ ಕೆಳಗೆ ಖಾಲಿ ಜಾಗ ಉಳಿಯಬಾರದು. ಉಳಿದರೆ ಯಾರಾದರೂ ಹುಡುಗರು ಅಲ್ಲಿ ಹೊಲಸು ಗೀಚುತ್ತಿದ್ದರು, ಆಮೇಲೆ ಬೈಗುಳ ಪತ್ರಿಕೆಗೆ. ಅದಕ್ಕೆ ಮಾಸ್ತರರು, "ಜಾಗ ಉಳೀತಂದ್ರ ಏನರೆ ತುಂಬಿಬಿಡ್ರಿ ಅಕ್ಕಾರ, ನನ್ನ ಕೇಳಬ್ಯಾಡ್ರಿ" ಎಂದಿದ್ದರು. ನಾನು ಬಳ್ಳಿ ಬರೆಯುತ್ತಿದ್ದೆ, ಇಲ್ಲವೆ ಎರಡು ಹೂವು.

ಎರಡನೆಯ ವರ್ಷ ಅಧ್ಯಕ್ಷರಿಗೆ ಗೌರವ ಡಾಕ್ಟರೇಟ್ ಬಂತು. ಯಾವುದೋ ದೂರದ ವಿಶ್ವವಿದ್ಯಾಲಯ. ಅದರ ಹೆಸರನ್ನು ಕಾಲೇಜಿನಲ್ಲಿ ಯಾರೂ ಕೇಳಿರಲಿಲ್ಲವಂತೆ. ಗೇಟಿಗೆ ಬ್ಯಾನರ್ ಕಟ್ಟಿದರು, ಕರಿ ಗೌನು ತೊಟ್ಟ ಫೋಟೊ. ಅದೇ ತಿಂಗಳ ಪತ್ರಿಕೆಗೆ ಮಾಸ್ತರರು ಗ್ರಂಥಾಲಯದ ಬೀಗದ ಮೇಲೆ ಬರೆದರು. ಆ ಗ್ರಂಥಾಲಯ ಒಂದು ವರ್ಷದಿಂದ ತೆರೆದಿರಲಿಲ್ಲ. ಕೇಳಿದರೆ ರಿಪೇರಿ ಎನ್ನುತ್ತಿದ್ದರು.

ಅವರು ಓದಿದ್ದು ನನಗೆ ಇವತ್ತಿಗೂ ಬಾಯಿಪಾಠ. ಗ್ರಂಥಾಲಯದ ಬೀಗಕ್ಕೆ ಗೌರವ ಡಾಕ್ಟರೇಟ್ ಕೊಡಲು ಅಖಿಲ ಲೋಕದ ಬೀಗಗಳ ಸಭೆ ತೀರ್ಮಾನಿಸಿದೆ. ಸದರಿ ಬೀಗವು ಒಂದು ದಿನವೂ ರಜೆ ಹಾಕಿಲ್ಲ. ಅಷ್ಟು ಪುಸ್ತಕಗಳ ಸಹವಾಸದಲ್ಲಿದ್ದರೂ ಒಂದನ್ನೂ ಓದಿ ಕೆಟ್ಟಿಲ್ಲ. ವಿದ್ಯಾರ್ಥಿಗಳು ಎಷ್ಟು ಕಾಡಿದರೂ ಬಾಯಿ ಬಿಟ್ಟಿಲ್ಲ. ಬಾಗಿಲು ಬಿಟ್ಟು ಬರಲಾಗದ ಕಾರಣ ಬೀಗವು ಸಮಾರಂಭಕ್ಕೆ ಗೈರುಹಾಜರಾಗಲಿದ್ದು, ಗೌನನ್ನು ಅಲ್ಲಿಯೇ ತೊಡಿಸಲಾಗುವುದು.

ಅಧ್ಯಕ್ಷರ ಹೆಸರು ಎಲ್ಲಿಯೂ ಇರಲಿಲ್ಲ. ನಾನು ಅವತ್ತು ನಕ್ಕ ಸದ್ದಿಗೆ ಮಾಸ್ತರರು, "ಒಂದೂ ಹೊಡೀಬ್ಯಾಡ್ರಿ ಅಕ್ಕಾರ" ಎಂದರು. ಓದಿ ಮುಗಿಸಿದವರೇ ಚೀಲ ಹೆಗಲಿಗೆ ಹಾಕಿಕೊಂಡು ಎರಡು ದಿನಕ್ಕೆಂದು ತಮ್ಮೂರಿಗೆ ಹೋದರು.

ನಾನು ಡ್ರಾಯಿಂಗ್ ಹಾಳೆಗೆ ಪ್ರತಿ ಮಾಡಿ ಮುಗಿಸಿದಾಗ ಕೆಳಗೆ ಎರಡು ಬೆರಳಿನಷ್ಟು ಜಾಗ ಉಳಿದಿತ್ತು.

ಇಲ್ಲಿ ನಿಮಗೆ ಒಂದು ಮಾತು ಹೇಳಬೇಕು. ಗ್ರಂಥಾಲಯದಲ್ಲಿ ರಿಪೇರಿ ನಡೆದಿರಲಿಲ್ಲ. ಅಧ್ಯಕ್ಷರು ಹೊಸ ಮನೆ ಕಟ್ಟಿಸುತ್ತಿದ್ದರು. ಅದರ ಸಿಮೆಂಟಿನ ಚೀಲಗಳನ್ನು ಮಳೆಗೆ ನೆನೆಯಬಾರದೆಂದು ಗ್ರಂಥಾಲಯದೊಳಗೆ ಒಟ್ಟಿಸಿದ್ದರು. ಚೀಲ ಇಳಿಸುವಾಗ ಬಾಗಿಲು ತೆರೆದುಕೊಟ್ಟವರು ಮುತ್ಯಾ. ಆಮೇಲೆ ಕೀಲಿಕೈ ಅಧ್ಯಕ್ಷರ ಮನೆಗೆ ಹೋಯಿತು. ಚೀಲ ಹೊತ್ತ ಹಮಾಲರನ್ನು ಬಿಟ್ಟರೆ, ಕಾಲೇಜಿನಲ್ಲಿ ಇದು ಗೊತ್ತಿದ್ದದ್ದು ಮುತ್ಯಾ ಒಬ್ಬರಿಗೇ. ಊಟಕ್ಕೆ ಕುಳಿತಾಗ ನನ್ನ ಮುಂದೆ ಹೇಳಿ, "ಹೊರಗ ಬಾಯಿ ಬಿಟ್ಟೀದಿ ಮತ್ತ" ಎಂದಿದ್ದರು. ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಅವತ್ತು ಆ ಜಾಗದಲ್ಲಿ ನಾನು ಹೂವು ಬರೆಯಲಿಲ್ಲ. ಇನ್ನೊಂದು ಸಾಲು ಬರೆದೆ.

"ಸುದ್ದಿ ತಿಳಿದು ಒಳಗಿದ್ದ ಸಿಮೆಂಟಿನ ಚೀಲಗಳು ಎದ್ದು ನಿಂತು ಚಪ್ಪಾಳೆ ತಟ್ಟಿದವು, ಎದ್ದ ಧೂಳಿಗೆ ಪುಸ್ತಕಗಳು ಕೆಮ್ಮಿದವು."

ಯಾಕೆ ಬರೆದೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಇದು ಮುತ್ಯಾರ ಮೇಲೆ ಬರುತ್ತದೆ ಎಂದು ಆಗ ಹೊಳೆಯಲಿಲ್ಲ... ಹೊಳೆದಿತ್ತೋ ಏನೋ. ಬರೆದ ಮೇಲೆ ಒಬ್ಬಳೇ ಓದಿ, ಒಬ್ಬಳೇ ನಕ್ಕೆ. ಮಾಸ್ತರರು ಇದ್ದಿದ್ದರೆ ಹೊರಗಿನಿಂದ ಅವರ ನಗೆ ಕೇಳುತ್ತಿತ್ತು ಎಂದುಕೊಂಡೆ. ಅಷ್ಟು ಮಾತ್ರ ಖಚಿತವಾಗಿ ನೆನಪಿದೆ.

ಮರುದಿನ ಮುತ್ಯಾ ಹಾಳೆಯನ್ನು ಸುರುಳಿ ಸುತ್ತಿ, ಅಂಟಿನ ಡಬ್ಬಿಯ ಜೊತೆ ಒಯ್ದರು. ಹುಡುಗರು ಅಂಟಿಸಿದರು. ಮಧ್ಯಾಹ್ನದೊಳಗೆ ಯಾರೋ ಅದನ್ನು ಕಿತ್ತು ಅಧ್ಯಕ್ಷರ ಮನೆಗೆ ಮುಟ್ಟಿಸಿದರು.

ಮಾಸ್ತರರು ಊರಿನಿಂದ ತಿರುಗಿ ಬಂದ ದಿನ ಸಾಯಂಕಾಲ ಸಂಸ್ಥೆಯ ಕಾರ್ಯದರ್ಶಿ ಜೀಪಿನಲ್ಲಿ ನಮ್ಮ ಮನೆಗೇ ಬಂದರು. ಕಿತ್ತ ಹಾಳೆ ಅವರ ಕೈಯಲ್ಲಿತ್ತು. ಪಡಸಾಲೆಯಲ್ಲಿ ಕುಳಿತರು. ಮಾಸ್ತರರು ಎದುರಿಗೆ ಕುಳಿತರು. ಮುತ್ಯಾ ನಿಂತೇ ಇದ್ದರು. ನಾನು ಬಾಗಿಲ ಈಚೆ.

"ಏನ್ ಮಾಸ್ತರ್, ಕೀಲಿಗಿ ಡಾಕ್ಟರೇಟ್ ಕೊಟ್ಟೀರಂತ. ನಮಗೂ ಒಂದ್ ಕೊಡ್ರಲ್ಲ" ಎಂದರು ಕಾರ್ಯದರ್ಶಿ. ನಮ್ಮ ಕಡೆ ಬೀಗಕ್ಕೆ ಕೀಲಿ ಎನ್ನುವುದು ನಿಮಗೆ ಗೊತ್ತೇ ಇದೆ.

"ನಿಮ್ದು ಅರ್ಜಿ ಬಂದಿಲ್ರಿ ಸಾಹೇಬ್ರ" ಎಂದರು ಮಾಸ್ತರರು.

"ನಗ್ರಿ, ನಗ್ರಿ. ಇವು ಯಾರ ಅಕ್ಷರ?"

"ನಂದೇ ರೀ."

"ನಿಮ್ಮ ಅಕ್ಷರ ನಾ ಕಂಡಿಲ್ಲೇನು? ಹಾಜರಿ ಬುಕ್ಕಿನಾಗ ಇರುವಿ ಸತ್ತು ಬಿದ್ದಂಗ ಇರ್ತಾವ."

"ಅವು ಬಲಗೈವ್ರಿ. ಇವು ಎಡಗೈವು."

ಕಾರ್ಯದರ್ಶಿ ಜೇಬಿನಿಂದ ಪೆನ್ನು ತೆಗೆದುಕೊಟ್ಟರು. ಮಾಸ್ತರರು ಎಡಗೈಯಲ್ಲಿ ಏನೋ ಬರೆದರು. ಕಾರ್ಯದರ್ಶಿ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಇದೇನಿದು?"

"ನೀವ್ ಮುಂದ ಕುಂತ್ರ ಎಡಗೈನೂ ಅಂಜ್ತದ್ರಿ."

ನನಗೆ ನಗೆ ಬಂತು. ಆ ಹೊತ್ತಿನಲ್ಲಿಯೂ ಬಂತು. ಸೆರಗನ್ನು ಬಾಯಿಯೊಳಗೆ ತುರುಕಿಕೊಂಡೆ.

ಮುತ್ಯಾ ಚಹಾ ತಂದಿಟ್ಟರು. ಕಾರ್ಯದರ್ಶಿ ಒಂದು ಗುಟುಕು ಕುಡಿದು, ಜರಾ ಸಕ್ಕರಿ ಕಮ್ಮಿ ಆಗ್ಯಾದ ಎಂದರು. ಮುತ್ಯಾ ಗಾಬರಿಯಲ್ಲಿದ್ದರು. ಬಟ್ಟಲಿನಲ್ಲಿ ಹಾಕಿಕೊಂಡು ಹೋಗುವುದು ಬಿಟ್ಟು ಒಳಗೆ ಬಂದವರೇ ಸಕ್ಕರೆಯ ಡಬ್ಬಿಯನ್ನೇ ಎತ್ತಿಕೊಂಡು ಹೋದರು. ನಮ್ಮ ಅಡುಗೆಮನೆಯ ಪ್ರತಿ ಡಬ್ಬಿಗೂ ನಾನು ಚೀಟಿ ಬರೆದು ಅಂಟಿಸುತ್ತಿದ್ದೆ. ಆ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ಸಕ್ಕರಿ" ಎಂದಿತ್ತು. ಅದೇ ದುಂಡು ಅಕ್ಷರ. ಕಾರ್ಯದರ್ಶಿಯ ತೊಡೆಯ ಮೇಲೆ ಹಾಳೆ, ಎದುರಿಗೆ ಬರುತ್ತಿರುವ ಡಬ್ಬಿ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ಮಾಸ್ತರರು ಎದ್ದು, "ಕೊಡ್ರಿ ಇಲ್ಲಿ, ಸಾಹೇಬ್ರಿಗಿ ನಾ ಹಾಕ್ತೀನಿ" ಎಂದು ಡಬ್ಬಿಯನ್ನು ತೆಗೆದುಕೊಂಡರು. ಚೀಟಿಯ ಮೇಲೆ ಅಂಗೈ ಇಟ್ಟು ಹಿಡಿದರು. ಎರಡು ಚಮಚ ಹಾಕಿದರು. "ಸಾಕೇನ್ರಿ? ಇನ್ನೊಂದು?" ಎಂದು ಮೂರನೆಯದನ್ನೂ ಹಾಕಿ, ಡಬ್ಬಿಯನ್ನು ತಮ್ಮ ಮಗ್ಗುಲಲ್ಲೇ ಇಟ್ಟುಕೊಂಡು ಕುಳಿತರು. ಕೈ ತೆಗೆಯಲಿಲ್ಲ.

ಕಾರ್ಯದರ್ಶಿಯ ಧ್ವನಿ ಬದಲಾಯಿತು. "ನೋಡ್ರಿ ಮಾಸ್ತರ್, ಅಕ್ಷರ ಯಾರದರೆ ಇರ್ಲಿ. ಕೀಲಿ ಗೀಲಿ ಅಂತ ಬರದದ್ದೂ ಬಿಡ್ರಿ, ಅಧ್ಯಕ್ಷರು ದೊಡ್ಡ ಮನಸಿನವರು. ಈ ಕಡೀ ಸಾಲು ನೋಡ್ರಿ. ಸಿಮೆಂಟಿನ ಮಾತು ನಿಮಗ ಯಾರು ಹೇಳಿದ್ರು? ಆ ಹೆಸರೊಂದು ಹೇಳ್ರಿ, ಒಂದು ಮಾಫಿ ಬರದು ಕೊಡ್ರಿ. ಮುಂದಿನ ವರ್ಷಾನೂ ನೀವೇ ಬರ್ರಿ."

ಹಾಳೆಯನ್ನು ಮಾಸ್ತರರ ಕೈಗೆ ಕೊಟ್ಟರು. ಅವರು ಆ ಸಾಲನ್ನು ಮೊದಲ ಸಲ ಓದಿದ್ದು ಆಗ. ನಿಧಾನವಾಗಿ ಓದಿದರು. ಭುಜ ಅಲುಗಿತು. ನಗೆ ತಡೆದುಕೊಂಡರು ಎಂದು ನನಗೆ ತಿಳಿಯಿತು. ಆಮೇಲೆ ಮುತ್ಯಾರನ್ನು ನೋಡಿದರು. ಮುತ್ಯಾ ನೆಲ ನೋಡುತ್ತಿದ್ದರು. ನಾನಿದ್ದ ಬಾಗಿಲ ಕಡೆ ಮಾಸ್ತರರು ತಿರುಗಲೇ ಇಲ್ಲ.

ನನ್ನ ಮುಂದೆ ಹೊಸ್ತಿಲಿತ್ತು. ಒಂದು ಹೆಜ್ಜೆ. ನಾನು ಬರೆದೆ, ಮಾಸ್ತರರಿಗೆ ಗೊತ್ತೇ ಇಲ್ಲ ಎಂದು ಹೇಳಿದ್ದರೆ ಅವರ ತಲೆಯ ಮೇಲಿನದು ಇಳಿಯುತ್ತಿತ್ತು. ಮುತ್ಯಾರ ಕೆಲಸ ಹೋಗುತ್ತಿತ್ತು. ಎರಡೂ ಗೊತ್ತಿತ್ತು. ನಾನು ತೂಗಿ ನೋಡಿ ನಿಂತೆ ಎಂದರೆ ಸುಳ್ಳಾಗುತ್ತದೆ. ಏನನ್ನೂ ತೂಗಲಿಲ್ಲ. ಸುಮ್ಮನೆ ನಿಂತೆ. ಕಾಲಿನ ಕೆಳಗೆ ಕಲ್ಲು ತಣ್ಣಗಿತ್ತು.

"ಯಾರೂ ಹೇಳಿಲ್ರಿ" ಎಂದರು ಮಾಸ್ತರರು. "ಬಾಗಿಲು ಮುಚ್ಚೇ ಇತ್ತಲ್ಲ, ಒಳಗ ಏನರೆ ಇರಬೇಕಂತ ಅಂದಾಜಿನ ಮ್ಯಾಲ ಬರದೆ. ಖರೇನೇ ಅದಾವೇನ್ರಿ, ಚೀಲ?"

ಕಾರ್ಯದರ್ಶಿ ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಹೋಗುವಾಗ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಒಯ್ದರು.

ಅತಿಥಿ ಉಪನ್ಯಾಸಕರನ್ನು ಕೆಲಸದಿಂದ ತೆಗೆಯುವ ಪ್ರಶ್ನೆಯೇ ಇಲ್ಲ. ನಾಳೆಯಿಂದ ನಿಮ್ಮ ಪಾಠದ ತಾಸು ಇಲ್ಲ ಎಂದರೆ ಮುಗಿಯಿತು. ಅಷ್ಟೇ ಹೇಳಿದರು. ಮಾಸ್ತರರು ಆ ವಾರವೇ ಟ್ರಂಕು ಕಟ್ಟಿದರು. ಸೇಡಂ ಮೇಲೆ ಹೋಗುವ ಬಸ್ಸು ಬೆಳಿಗ್ಗೆ ಇತ್ತು. ನಾನು ನಾಲ್ಕು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಹೊಸ್ತಿಲ ಮೇಲೆ ಇಟ್ಟೆ. ಮುತ್ಯಾ ರಿಕ್ಷಾ ತರಲು ಹೋಗಿದ್ದರು. ಮಾಸ್ತರರು ಬಾಗಿಲಿನ ಆಚೆ ನಿಂತು ಬುತ್ತಿ ತೆಗೆದುಕೊಂಡರು.

"ಕೀಲಿಗಿ ಬಂತು, ನನಗ ಬರ್ಲಿಲ್ಲ ನೋಡ್ರಿ ಅಕ್ಕಾರ, ಡಾಕ್ಟರೇಟ್" ಎಂದರು. ಸ್ವಲ್ಪ ನಿಂತರು. "ಕಡೀ ಸಾಲು ಭಾಳ ಛಲೋ ಬರದಿರಿ. ನಾ ಬರದದ್ದೆಲ್ಲಾ ಅದರ ಮುಂದ ಸಪ್ಪಗ ಆತು."

ನಾನು ಏನಾದರೂ ಅನ್ನಬೇಕಿತ್ತು. ತಪ್ಪಾಯಿತು ಎನ್ನಬಹುದಿತ್ತು. ಅವರು ಕಾದರು ಎಂದು ಕಾಣುತ್ತದೆ. ಒಳಗಿನಿಂದ ಸಪ್ಪಳ ಬರಲಿಲ್ಲ. ರಿಕ್ಷಾ ಬಂತು, ಹೋದರು.

ಆಮೇಲೆ ಮುತ್ಯಾ ನನ್ನನ್ನು ಒಂದೇ ಸಲ ಕೇಳಿದರು. "ಸಿಮೆಂಟಿನ ಮಾತು ನೀ ಮಾಸ್ತರ್ಗ ಹೇಳಿದ್ದೇನು?"

"ಇಲ್ಲ" ಎಂದೆ. ಅದು ಸುಳ್ಳಲ್ಲ. ನಾನು ಅವರಿಗೆ ಹೇಳಿರಲಿಲ್ಲ. ಮುತ್ಯಾ ಮತ್ತೆ ಕೇಳಲಿಲ್ಲ. ಅವರು ಕೊನೆಯವರೆಗೂ ಕೆಲಸದಲ್ಲಿದ್ದು ನಿವೃತ್ತರಾದರು.

ಒಂದು ತಿಂಗಳಲ್ಲಿ ಚೀಲಗಳನ್ನು ಸಾಗಿಸಿ, ಗ್ರಂಥಾಲಯಕ್ಕೆ ಸುಣ್ಣ ಹೊಡೆಸಿ, ರಿಬ್ಬನ್ ಕತ್ತರಿಸಿ ತೆರೆದರು. ಕತ್ತರಿಸಿದವರು ಅಧ್ಯಕ್ಷರೇ. "ಹುಡುಗೂರು ಪುಸ್ತಕ ಒಯ್ಲಿಕತ್ತಾರ" ಎಂದು ಮುತ್ಯಾ ಒಂದು ದಿನ ಹೇಳಿದರು. ಕೆಲವು ಪುಸ್ತಕಗಳ ಹಾಳೆ ಸಿಮೆಂಟು ಕೂತು ಅಂಟಿಕೊಂಡಿದ್ದವಂತೆ. ಭಿತ್ತಿಪತ್ರಿಕೆ ಮತ್ತೆ ಬರಲಿಲ್ಲ.

ಮಾಸ್ತರರ ಸುದ್ದಿ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಚಿತ್ತಾಪುರದ ಕಡೆ ಒಂದು ಕಾಲೇಜಿಗೆ ಕೇಳಲು ಹೋಗಿದ್ದರಂತೆ, ಅಲ್ಲಿಗೂ ಮಾತು ಮುಟ್ಟಿತ್ತಂತೆ. ಪಿಎಚ್‌ಡಿ ಬಿಟ್ಟರಂತೆ. ಊರಲ್ಲೇ ಇದ್ದಾರಂತೆ. ಎಲ್ಲ ಅಂತೆ. ಒಂದು ಪತ್ರ ಬರೆಯಬಹುದಿತ್ತು. ನನ್ನ ಅಕ್ಷರ ನೋಡಿದರೆ ಹೆಸರಿಲ್ಲದಿದ್ದರೂ ಅವರಿಗೆ ತಿಳಿಯುತ್ತಿತ್ತು. ವರ್ಷ ಹೋದವು...

ಹೋದ ವರ್ಷ ಚಿಂಚೋಳಿಯ ಮದುವೆಗೆ ಹೋದಾಗ ನಿಮ್ಮ ಅಪ್ಪನಿಗೆ ಹೇಳಿ ಕುಂಚಾವರಂಗೆ ಹೋದೆ. ಕಾಡು ನೋಡಬೇಕು ಎಂದು ಸುಳ್ಳು ಹೇಳಿದ್ದೆ. ಅಪ್ಪ ಗಾಡಿಯ ಹತ್ತಿರ ಉಳಿದ. ಮಾಸ್ತರರ ಮನೆಯನ್ನು ಕೇಳಿಕೊಂಡು ಹೋದರೆ ಅವರ ಅಕ್ಕ ಒಬ್ಬರೇ ಇದ್ದರು. ನಾನು ವಾಡಿಯ ಮನೆಯವಳು ಎಂದೆ.

"ಬಾರಮ್ಮಾ, ಕುಂದ್ರು. ತಡಾ ಮಾಡಿ ಬಂದಿ" ಎಂದರು. ಮಾಸ್ತರರು ತೀರಿಕೊಂಡು ಎಂಟು ತಿಂಗಳಾಗಿತ್ತು. ಕಣ್ಣು ಹಳದಿಯಾಗುವ ಕಾಮಣಿ ಆಗಿ, ಗಿಡಮೂಲಿಕೆ ಕುಡಿದು, ಆಸ್ಪತ್ರೆಗೆ ಹೋಗುವಾಗ ಹೊತ್ತು ಮೀರಿತ್ತಂತೆ. ಅಲ್ಲಿನ ತಾಂಡಾದ ಮಕ್ಕಳಿಗೆ ಮನೆಯ ಕಟ್ಟೆಯ ಮೇಲೆ ಪಾಠ ಹೇಳುತ್ತಿದ್ದರಂತೆ.

ಅವರ ಅಕ್ಕ ನನಗೆ ನೀರು ಕೊಟ್ಟು ಎದುರಿಗೆ ಕುಳಿತರು. "ಆ ಚಪ್ಪಾಳಿ ಹೊಡ್ಯೋ ಚೀಲದ ಮಾತು ನಿಂಗೂ ಗೊತ್ತೇನು? ಅದನ್ನ ಹೇಳಿ ಹೇಳಿ ನಗ್ತಿದ್ದ. ಅದು ನಾ ಬರದದ್ದಲ್ಲಕ್ಕಾ ಅಂತಿದ್ದ. ಮತ್ತ ಯಾರು ಬರದ್ರೋ, ಯಾರ ಸಲುವಾಗಿ ನಿನ್ನ ನೌಕರಿ ಹೋಯ್ತೋ ಅಂತ ಕೇಳಿದ್ರ, ನನಕಿಂತ ಛಲೋ ಬರಿಯೋರು ಒಬ್ಬರು ಅದಾರ ಅಂತಿದ್ದ, ಅಷ್ಟೇ. ಹೆಸರು ಹೇಳ್ಳಿಲ್ಲ." ನನ್ನ ಮುಖ ನೋಡಿದರು. "ನೀ ಆ ಮನ್ಯಾಗಿದ್ದಾಕಿ. ಯಾರಂತ ನಿನಗರೆ ಗೊತ್ತದೇನಮ್ಮಾ?"

ಮುತ್ಯಾ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಯಾವ ಕೆಲಸವೂ ಹೋಗುವುದಿರಲಿಲ್ಲ. ಯಾವ ಕಾರ್ಯದರ್ಶಿಯೂ ಅಲ್ಲಿರಲಿಲ್ಲ.

"ಇಲ್ಲ" ಎಂದೆ.

ಬಾಯಿಗೆ ರೂಢಿಯಾಗಿತ್ತು, ಅದೇ ಬಂತು. ಗಾಡಿಯಲ್ಲಿ ಬರುವಾಗ ಅಳು ಬರಬಹುದು ಎಂದು ಕಾದೆ. ಬರಲಿಲ್ಲ. ಅಪ್ಪ, ಕಾಡು ಹ್ಯಾಂಗಿತ್ತು ಎಂದು ಕೇಳಿದ. ಛಲೋ ಅದ ಎಂದೆ.

ಇಷ್ಟೇ. ಮಾಸ್ತರರಿಗೆ ನಾನು ಹೇಳಬೇಕಾಗಿದ್ದನ್ನು ಇನ್ನು ಹೇಳಲು ಬರುವುದಿಲ್ಲ. ಪಲ್ಲವಿ, ನಿನ್ನ ಪತ್ರಿಕೆಯಲ್ಲಿ ಏನು ಬರೆದಿದ್ದೀ ಎಂದು ನಾನು ಕೇಳಿಲ್ಲ. ಬರೆ, ಬರೆಯಬೇಡ ಎಂದು ಹೇಳುವ ಹಕ್ಕು ನನಗಿಲ್ಲ.

ಇದನ್ನು ಎರಡು ಪ್ರತಿ ಮಾಡಿದ್ದೇನೆ. ಎರಡರಲ್ಲೂ ಕೊನೆಗೆ ನನ್ನ ಪೂರ್ತಿ ಹೆಸರು ಹಾಕಿದ್ದೇನೆ, ಊರಿನ ಹೆಸರೂ. ಸಂಗಮೇಶ, ಒಂದನ್ನು ಕುಂಚಾವರಂಗೆ, ಮಾಸ್ತರರ ಅಕ್ಕನ ವಿಳಾಸಕ್ಕೆ ರಿಜಿಸ್ಟರ್ ಅಂಚೆ ಮಾಡು. ಅವರಿಗೆ ಓದಲು ಬರುವುದಿಲ್ಲ, ಆ ಕಟ್ಟೆಯ ಮೇಲೆ ಕಲಿತ ಯಾರಾದರೂ ಓದಿ ಹೇಳುತ್ತಾರೆ. ಇನ್ನೊಂದು ನಿಮಗೆ. ಇದನ್ನು ಮಡಚಬೇಡಿ, ಅಡುಗೆಮನೆಯ ಕಪಾಟಿನಲ್ಲಿ ಇಡಬೇಡಿ, ಜಿರಲೆ ತಿನ್ನುತ್ತವೆ. ಒಣ ಜಾಗದಲ್ಲಿ ಜೋಪಾನವಾಗಿ ಇಡಿ.

ಶಾಂತಾಬಾಯಿ
ಸನ್ನತಿ